ಸದ್ಯದ ಬಳಕೆ

ನಕ್ಷೆಯ ಪ್ರಕಾರ ಮೂವತ್ತೆರಡು ಸೆಂಟು.
ಗುಡ್ಡದ ಹೆಗಲ ಮೇಲೆ ಕೂತ ಈ ಮಡಿಕೇರಿಯಲ್ಲಿ
ಗೋಲಿ ಇಟ್ಟರೆ ಉರುಳದ ಜಾಗ ಅಂಗೈಯಷ್ಟು,
ಅದರಲ್ಲಿ ಇದೊಂದು ಬೆರಳು.

ನಮೂನೆಯ ಏಳನೇ ಕಲಮು: ಸದ್ಯದ ಬಳಕೆ.
ನನಗಿಂತ ಮೊದಲಿದ್ದ ಸರ್ವೆಯರು
ನೀಲಿ ಶಾಯಿಯಲ್ಲಿ ಒಂದೇ ಪದ ಬರೆದು ನಿವೃತ್ತರಾಗಿದ್ದಾರೆ:
ಖಾಲಿ.

ಮಂಜು ಹರಿಯುವ ಮುಂಚೆ ಟೇಪು ಹಿಡಿದು ಹೋದೆ.
ಆ ಖಾಲಿಯಲ್ಲಿ ಮೊಯ್ದು ಆಗಲೇ ಜೀಪು ತೊಳೆಯುತ್ತಿದ್ದ.
ಕೆಸರು ಗೋಣಿಗೆ ಹಾರೀತೆಂದು ದೇಚಮ್ಮ ಬೈಯುತ್ತಿದ್ದಳು.
ಗೋಣಿಯಲ್ಲಿ ಐದು ಕಿಲೋ ಕರಿಮೆಣಸು,
ಅಂಗಳವಿಲ್ಲದ ಬಾಡಿಗೆ ಮನೆಯವಳ ಒಂದು ವರ್ಷದ ಕೂಡಿಕೆ,
ಬಿಸಿಲಿಗೆ ಕಾಯುತ್ತಿತ್ತು.
ಅತ್ತ ಎರಡು ಕಲ್ಲು, ನಡುವೆ ಗೋಲು,
ಕಾಫಿ ಗಿಡದ ಬಾಗಿದ ಕೊಂಬೆಗಳೇ ಸ್ಟಿಕ್ಕು.
ಚೆಂಡು ನನ್ನ ಟೇಪಿನಡಿ ನುಸುಳಿತು.
"ಅಕ್ಕಾ, ಗೆರೆ ಎಳೀತೀರಾ?
ಹಾಗಾದ್ರೆ ನಮ್ಗೊಂದು ಡಿ ಎಳೆದ್ಕೊಡಿ."

ಸಭೆ ಹನ್ನೊಂದಕ್ಕೆ. ಬಿಸ್ಕತ್ತು ಬಂದ ಮೇಲೆ ಕೋರಂ ಆಯಿತು.
ಪಾರ್ಕಿಂಗ್ ಆಗಲಿ ಎಂದರು ಪೂವಯ್ಯ.
ಶನಿವಾರ ಬಂತೆಂದರೆ ರಾಜಾಸೀಟಿಗೆ ಹೊರಟ ಕಾರುಗಳ ಬಾಲ
ನಮ್ಮ ಗೇಟಿನೊಳಗೇ ಇರುತ್ತದೆ.
ಸುಳ್ಳಲ್ಲ.
ಲೀಲಾವತಿ ಕೇಳಿದ್ದು ಶೌಚಾಲಯ.
ಶುಕ್ರವಾರದ ಸಂತೆಗೆ ಬಂದ ಹೆಂಗಸರು
ಸಂಜೆತನಕ ನೀರು ಕುಡಿಯುವುದಿಲ್ಲ, ಗೊತ್ತಾ? ಎಂದಾಗ
ಗಂಡಸರೆಲ್ಲ ಫೈಲಿನೊಳಗೆ ಏನೋ ಹುಡುಕಿದರು.
ಆಮೇಲೆ ಗುಡ್ಡ ಜಾರಿದ ವರ್ಷ ಮನೆ ಕಳೆದುಕೊಂಡ
ಎಂಟು ಕುಟುಂಬದ ಅರ್ಜಿ.
ಎಂಟು ಮನೆ ಹಿಡಿಸುತ್ತದಾ? ನನ್ನತ್ತ ತಿರುಗಿದರು.
ಗೋಡೆಗೆ ಗೋಡೆ ತಾಗಿಸಿದರೆ ಹಿಡಿಸುತ್ತದೆ, ಅಂದೆ.
ಮೆಣಸು ಒಣಗುವುದಿಲ್ಲ ಅನ್ನಲಿಲ್ಲ.
ಮೆಣಸಿಗೆ ಕಲಮಿಲ್ಲ.

ಮುಂದಿನ ಸಭೆಗೆ ಇಡಲು ತೀರ್ಮಾನಿಸಲಾಯಿತು.

ಯಾರೂ ಕೇಳದ ಇನ್ನೊಂದು ಮಾತು ನನ್ನ ಬಳಿ ಇತ್ತು.
ಬೆಳಿಗ್ಗೆ ಮೂರು ಸಲ ಅಳೆದಿದ್ದೆ.
ಕೆಳಗಿನ ಅಂಚಿನಲ್ಲಿ ನಿಂತ ಚೈನ್‌ಮನ್ ಕುಶಾಲಪ್ಪ
"ಕಲ್ಲೇ ಇಲ್ಲ ಮೇಡಂ" ಎಂದು ಕೂಗಿದ್ದ.
ಗಡಿಕಲ್ಲು ಎಂಟಡಿ ಕೆಳಗೆ ತೋಡಿನ ಪಕ್ಕ
ಲಂಟಾನದ ಪೊದೆಗೆ ಒರಗಿತ್ತು,
ನಂಬರು ಮೇಲ್ಮುಖವಾಗಿ, ಇನ್ನೂ ಡ್ಯೂಟಿಯಲ್ಲಿರುವಂತೆ.
ಟೇಪಿನ ಲೆಕ್ಕ ಮೂವತ್ತೊಂದೂ ಕಾಲು.
ಮುಕ್ಕಾಲು ಸೆಂಟು, ಯಾವ ಠರಾವಿಗೂ ಕಾಯದೆ,
ಕೆಳಗಿಳಿದಿತ್ತು.

ಸಂಜೆ ಸಾಹೇಬರು ಕನ್ನಡಕ ತೆಗೆದರು.
ನಕ್ಷೆಗೆ ಹೊಂದುವುದಿಲ್ಲವಲ್ಲಮ್ಮ,
ಮೂವತ್ತೆರಡೇ ಬರೆಯಿರಿ. ಇಲ್ಲದಿದ್ದರೆ
ಪತ್ರವ್ಯವಹಾರ ಮೊದಲಿನಿಂದ.
ಬರೆದೆ.

ಏಳನೇ ಕಲಮಿಗೆ ಬಂದಾಗ ಪೆನ್ನು ನಿಂತಿತು.
ಒಂದೂವರೆ ಇಂಚು ಅಗಲ. ಇಲ್ಲೂ ಜಾಗದ ಕೊರತೆ.
ಇದ್ದುದರಲ್ಲೇ ಸಣ್ಣಕ್ಷರದಲ್ಲಿ ಶುರು ಮಾಡಿದೆ:
ಕರಿಮೆಣಸು, ಐದು ಕಿಲೋ. ಜೀಪು, ಒಂದು.
ಜಗಳ, ದಿನಕ್ಕೊಂದು. ಹಾಕಿ, ಡಿ ಇಲ್ಲದೆ
ಎಂದು ಬರೆಯುತ್ತ ಬರೆಯುತ್ತ
ಎಂಟನೇ ಕಲಮಿನೊಳಕ್ಕೆ
ಒತ್ತುವರಿ ಮಾಡಿದೆ.