ಆನೆಯ ಹಿಂಗಾಲು

ಪೇಟೆಯ ಹುಟ್ಟುಹಬ್ಬಕ್ಕೆ ರೂಪಕವಂತೆ.
ರಾಜನ ಪಾತ್ರಕ್ಕೆ ಹನ್ನೊಂದು ಜನ ಹೆಸರು ಕೊಟ್ಟರು,
ಆನೆಯ ಹಿಂಗಾಲಿಗೆ ಯಾರೂ ಇಲ್ಲ.
ತರಗುಪೇಟೆ ಮಂಡಿಯಲ್ಲಿ ಮೂಟೆ ಇಳಿಸುತ್ತಿದ್ದೆ.
"ನಿನ್ನ ಬೆನ್ನು ಗಟ್ಟಿ," ಅಂದರು.
ಹೂಂ ಅಂದೆ.

ಬೂದು ಬಟ್ಟೆ ಚಿಕ್ಕಪೇಟೆಯ ಪುಖರಾಜ್ ಸೇಟು ಕೊಟ್ಟದ್ದು,
ಹಳೇ ಸ್ಟಾಕು, ಲೆಕ್ಕ ಮಾತ್ರ ಬರೆದಿಟ್ಟುಕೊಂಡ.
ಕಿವಿಗೆ ಎರಡು ಮೊರ. ಮೇದರ ಗಂಗಹನುಮಕ್ಕ
ಬಣ್ಣ ಬಳಿಯಲು ಬಿಡಲೇ ಇಲ್ಲ: "ಹೆಣಿಗೆ ಕಾಣಬೇಕು."
ಸೊಂಡಿಲು, ಯಾರದೋ ವಾಷಿಂಗ್ ಮೆಷೀನಿನ ಪೈಪು.

ಮುಂಗಾಲು ಅತ್ತರಂಗಡಿಯ ಚಾಂದ್ ಪಾಷ.
ಒಂದು ವಾರ, ಸ್ಕೂಲಿನ ಮೈದಾನದಲ್ಲಿ,
ಅವನು ಎಡ ಅಂದರೆ ನಾನು ಬಲ.
ಕೊನೆಗೆ ಮಾತು ಬಿಟ್ಟು, ಅವನ ಸೊಂಟ ಹಿಡಿದು
ಉಸಿರು ಕೇಳಿಸಿಕೊಂಡು ನಡೆದೆ;
ಮಲ್ಲಿಗೆ ಅತ್ತರು, ಬೆವರು, ಕತ್ತಲೆ.

ಇತಿಹಾಸ ನನಗೆ ಕಂಡದ್ದು ಇಷ್ಟು:
ಗೇಣಗಲ ಟಾರು, ಚಪ್ಪಲಿಗಳು,
ಚೆಲ್ಲಿದ ಕಡಲೆಪುರಿ, ಒಂದು ಮ್ಯಾನ್‌ಹೋಲ್ ಮುಚ್ಚಳ.
ಬೆನ್ನ ಮೇಲೆ ರಟ್ಟಿನ ಅಂಬಾರಿ.
ಮೈಕಿನಲ್ಲಿ ರಾಜ ಏನೋ ಹೇಳಿದ,
ಜನ ಚಪ್ಪಾಳೆ ಹೊಡೆದರು,
ನಾನು ಬಾಗಿಯೇ ಇದ್ದೆ.

ಅವೆನ್ಯೂ ರೋಡಿನ ತಿರುವಿನಲ್ಲಿ ಆನೆ ನಿಂತಿತು.
ಎರಡು ಪುಟ್ಟ ಬರಿಗಾಲು ಹತ್ತಿರ ಬಂದವು,
ಹೆಬ್ಬೆರಳಿಗೆ ಬೆಳಿಗ್ಗೆ ನಾನೇ ಸುತ್ತಿದ ಬ್ಯಾಂಡೇಜು.
"ಅಮ್ಮಾ, ಈ ಆನೆಗೆ ಅಪ್ಪನ ಹಿಮ್ಮಡಿ!"

ನಗು ಬಂದು ಹಿಂಗಾಲು ಅಲುಗಿತು.
ಮುಂದಿನಿಂದ ಚಾಂದ್ ಪಾಷ: "ಏನಾಯ್ತೋ?"
ದಾರ ಎಳೆದು
ಬಾಲ ಅಲ್ಲಾಡಿಸಿದೆ.