ಬೆರಳಗಲ ನೀರು

ಕೊಡಗು ಅಂದರೆ ತಂಪು ಅಂತ ಬರೆದಿರುತ್ತದೆ
ಹೋಂಸ್ಟೇ ಬೋರ್ಡುಗಳಲ್ಲಿ, ಹಸಿರು ಬಣ್ಣದಲ್ಲಿ.
ಆ ತಂಪು ಆನೆಕಾಡಿನ ತಿರುವಿನಲ್ಲೇ ಇಳಿದುಬಿಡುತ್ತದೆ.
ಕುಶಾಲನಗರಕ್ಕೆ ಬರುವುದು ಬಸ್ಸು ಮಾತ್ರ.

ಏಪ್ರಿಲ್. ಶೀಟಿನ ಮನೆ.
ಟಿವಿ ಪಕ್ಕದ ಗಾಜಿನ ತೊಟ್ಟಿಗೆ ಅಂಟಿಸಿದ ಪಟ್ಟಿ
ಮೂವತ್ತೆರಡು ತೋರಿಸುತ್ತಿತ್ತು.
ಎರಡು ಗೋಲ್ಡ್‌ಫಿಶ್ ಮೇಲಕ್ಕೆ ಬಂದು
ನೀರಿನ ಅಂಚನ್ನು ಚಪ್ಪರಿಸುತ್ತಿದ್ದವು,
ಸಾಲ ಕೇಳಲು ಬಂದು ಮಾತು ಹೊರಡದವರ ಹಾಗೆ.
ಕಾದ ನೀರಿನಲ್ಲಿ ಉಸಿರು ನಿಲ್ಲುವುದಿಲ್ಲವಂತೆ.
ಏಳನೇ ಕ್ಲಾಸಿನ ಲವೀನಾ ಹೇಳಿದಳು,
ಪಾಠ ಒಪ್ಪಿಸುವ ದನಿಯಲ್ಲಲ್ಲ.

ಐಸ್ ಹಾಕೋಣ ಅಂದಳು ಸೆಲಿನ್.
ಬೇಡ, ಒಮ್ಮೆಗೇ ತಣಿದರೆ ಅದೂ ಪೆಟ್ಟೇ.
ನಾನು ಲೈನ್‌ಮನ್. ನನಗೆ ಗೊತ್ತಿರುವುದು ತಂತಿ.
ಬಸ್‌ಸ್ಟ್ಯಾಂಡ್ ಹಿಂದೆ ಗುಜರಿಯ ಹಂಸನ ಹತ್ತಿರ
ಸತ್ತ ಕಂಪ್ಯೂಟರುಗಳ ಎದೆಯಿಂದ ಕಿತ್ತ
ಅಂಗೈಯಗಲದ ಎರಡು ಫ್ಯಾನು, ಎಂಬತ್ತು ರೂಪಾಯಿ.
ಮೂಲೆಗೆ ಬಿದ್ದಿದ್ದ ರೂಟರಿನ ಅಡಾಪ್ಟರು.
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ
ಗಾಜಿನ ಅಂಚಿಗೆ ಬಿಗಿದೆ,
ಗಾಳಿ ನೀರಿನ ಮೈಯನ್ನು ಓರೆಯಾಗಿ ಸವರುವಂತೆ.
ಹನ್ನೊಂದು ಕೆ.ವಿ. ಲೈನಿನ ಕೈಗೆ
ಹನ್ನೆರಡು ವೋಲ್ಟಿನ ಕೆಲಸ
ಹಸುಗೂಸಿನ ಉಗುರು ಕತ್ತರಿಸಿದ ಹಾಗೆ.

ಸಂಜೆಗೆ ಮೂವತ್ತು. ಬೆಳಿಗ್ಗೆ ಇಪ್ಪತ್ತೆಂಟು.
ಗುಟ್ಟೇನಿಲ್ಲ. ಬೀಸಿದಷ್ಟೂ ನೀರು ಎದ್ದು ಹೋಗುತ್ತದೆ,
ಹೋಗುವಾಗ ಬಿಸಿಯನ್ನು ಕಂಕುಳಲ್ಲಿ ಎತ್ತಿಕೊಂಡು.
ಬೆವರದ ಮೀನಿಗೆ ನೀರೇ ಬೆವರಬೇಕು.
ದಿನಕ್ಕೆ ಬೆರಳಗಲ ಇಳಿಯುತ್ತಿತ್ತು.
ಗಾಜಿನ ಮೇಲೆ ಸುಣ್ಣದ ಗೆರೆ,
ಗೋಡೆಗೆ ಬರೆದ ಹಾಲಿನ ಲೆಕ್ಕದ ಹಾಗೆ.
ರಾತ್ರಿ ಬಕೆಟ್ಟಿಗೆ ಹಿಡಿದಿಟ್ಟ ನಲ್ಲಿ ನೀರನ್ನು
ಬ್ಲೀಚಿಂಗ್ ವಾಸನೆ ಹೋದ ಮೇಲೆ, ಬೆಳಿಗ್ಗೆ,
ಲೋಟ ಲೋಟವಾಗಿ ಸುರಿಯುವುದು ಲವೀನಾಳ ಕೆಲಸ.
ಇಡೀ ರಾತ್ರಿ ಆ ಎರಡು ಫ್ಯಾನು ಗುಂಯ್ ಅನ್ನುತ್ತಿದ್ದವು.
ನಮ್ಮ ತಲೆಯ ಮೇಲಿನದರ ಕಂಡೆನ್ಸರ್ ಹೋಗಿ
ತಿಂಗಳಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಆಮೇಲೆ ಒಂದು ರಾತ್ರಿ, ತಡವಾಗಿ, ಹೂಮಳೆ.
ತೋಟದವರಿಗೆ ಅದು ಕಾಫಿಯ ಮೊಗ್ಗು.
ನಮಗೆ ಸೆಕ್ಷನ್ ಆಫೀಸಿನ ಫೋನು.
ಗುಡ್ಡೆಹೊಸೂರಿನ ಹತ್ತಿರ ಸಿಲ್ವರ್ ಮರವೊಂದು
ಲೈನಿನ ಮೇಲೆ ಮಲಗಿದೆ.
ಎಲ್.ಸಿ. ಕೇಳಿ, ಫೀಡರ್ ಆಫ್ ಮಾಡಿಸಿ,
ಅರ್ಥ್ ರಾಡ್ ಕೊಟ್ಟು ಕಂಬ ಹತ್ತಿದೆ.
ಆ ಫೀಡರಿನ ಕೊನೆಯಲ್ಲಿ ನನ್ನ ಮನೆಯೂ ಇದೆ.

ಕೆಳಗೆ ಟಾರ್ಚ್ ಹಿಡಿದಿದ್ದ ಕುಟ್ಟಪ್ಪ ಕೂಗಿದ:
"ನಿಮ್ಮ ಮನೆಯಿಂದ! ಫ್ಯಾನು ನಿಂತಿತಂತೆ!"
ಊರೆಲ್ಲ ಅದನ್ನೇ ಹೇಳುತ್ತಿತ್ತು, ಬೈಗುಳ ಸೇರಿಸಿ.
ಒಬ್ಬರಿಗೆ ಎಳೆ ಮಗು, ಒಬ್ಬರಿಗೆ ಫ್ರಿಜ್ಜಿನ ಇನ್ಸುಲಿನ್,
ಒಬ್ಬರಿಗೆ ಮ್ಯಾಚಿನ ಕೊನೆಯ ಓವರು.
ಕಂಬದ ಮೇಲಿಂದ ನೋಡಿದರೆ
ಎಲ್ಲ ಕತ್ತಲೂ ಒಂದೇ ತೂಕ,
ನನ್ನದನ್ನು ಎತ್ತಿ ಬೇರೆ ಇಡಲಾಗಲಿಲ್ಲ.
ಬೈಂಡಿಂಗ್ ತಂತಿ ಹಲ್ಲಿನಲ್ಲಿ ಕಚ್ಚಿಕೊಂಡು
ಜಂಪರ್ ಬಿಗಿದೆ.

ಒಂದೂವರೆಗೆ ಚಾರ್ಜ್ ಮಾಡಿದೆವು.
ಊರು ಒಮ್ಮೆ ಕೆಮ್ಮಿ, ಹತ್ತಿಕೊಂಡಿತು.
ಒದ್ದೆ ಬೂಟು ಹೊರಗೆ ಬಿಟ್ಟು ಬಂದರೆ
ತೊಟ್ಟಿಯ ಪಕ್ಕ, ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು ಲವೀನಾ,
ಕೈಯಲ್ಲಿ ಮುಗಿದ ಪರೀಕ್ಷೆಯ ರಟ್ಟು.
ಎಷ್ಟು ಹೊತ್ತು ಬೀಸಿದಳೋ.
ಪಟ್ಟಿಯಲ್ಲಿ ಇಪ್ಪತ್ತಾರು.
ಮೀನುಗಳು ತಳದ ಕಲ್ಲಿನ ಹತ್ತಿರ, ಕಿವಿರು ನಿಧಾನ.
ಶೀಟಿನ ಮೇಲೆ ಮಳೆ ಇನ್ನೂ ಹೊಯ್ಯುತ್ತಿತ್ತು.
ಆ ಇಪ್ಪತ್ತಾರನ್ನು ಮಳೆಯ ಲೆಕ್ಕಕ್ಕೆ ಬರೆಯಲು
ನನಗೆ ಮನಸ್ಸಾಗಲಿಲ್ಲ. ಮರುದಿನವೂ.

ಫ್ಯಾನುಗಳು ಮತ್ತೆ ತಿರುಗುತ್ತಿದ್ದವು, ಸುಮ್ಮನೆ.
ತೇವ ಹೊತ್ತ ಗಾಳಿ ಇನ್ನೆಷ್ಟು ನೀರು ಹೊತ್ತೀತು?
ಪ್ಲಗ್ ಕೀಳಲು ಹೋದೆ.
ಕಿತ್ತರೆ ಆ ಗುಂಯ್ ನಿಂತು ಅವಳಿಗೆ ಎಚ್ಚರವಾದೀತು.
ಬಿಟ್ಟೆ.
ಬಕೆಟ್ಟಿನ ತಳಕ್ಕೆ ಬಟ್ಟೆ ಹಾಸಿ
ಸದ್ದಾಗದ ಹಾಗೆ, ನಲ್ಲಿಯನ್ನು ಸಣ್ಣಗೆ ತಿರುಗಿಸಿ
ನಾಳೆಯ ಬೆರಳಗಲ ಹಿಡಿಯುತ್ತ ಕೂತೆ.