ಕನ್ನಡಿಯಿಲ್ಲದ್ದು

"ಕ್ಷೌರದಂಗಡಿಗೆ ಕನ್ನಡಿಯಿಲ್ಲದ ಕ್ಯಾಮೆರಾ ತಂದೆಯಾ?"
ನಕ್ಕಳು ತೋಮಿ ಕುವಾಬಾರಾ.
ಎಂಬತ್ತೊಂದರ ಕೈಯಲ್ಲಿ ಕತ್ತರಿ ಇನ್ನೂ ಕಿಚಕಿಚ.
ಕುಶಿರೋ ಬಂದರಿನ ಹಿಂದಿನ ಓಣಿ, ಫೆಬ್ರವರಿ,
ಹೊರಗೆ ಮೈನಸ್ ಹದಿನಾಲ್ಕು.
ಒಳಗೆ ಸೀಮೆಎಣ್ಣೆ ಒಲೆ, ಮೂರು ಕುರ್ಚಿ, ಮೂರು ಕನ್ನಡಿ,
ಕಾಡ್ ಮೀನಿನ ದೋಣಿಯವನೊಬ್ಬ
ಕೆನ್ನೆ ತುಂಬ ನೊರೆಯಿಟ್ಟುಕೊಂಡು ತೂಕಡಿಸುತ್ತಿದ್ದಾನೆ.

ಅವಳಿಗೆ ಬೇಕಾದದ್ದು ಒಂದೇ ಚಿತ್ರ,
ತಾನು ಸತ್ತ ದಿನ ಹೂಗಳ ನಡುವೆ ಇಡಲು.
ನಮ್ಮಲ್ಲಿ ಕೆಲವರು ಅದನ್ನು ಮೊದಲೇ ತೆಗೆಸಿಡುತ್ತಾರೆ,
ಹಲ್ಲು ಇರುವಾಗ, ಕೂದಲು ಮಾತು ಕೇಳುವಾಗ.
"ಬಿಟ್ಟರೆ ನನ್ನ ಸಾಯೊ, ಯಾರದೋ ಮದುವೆ ಗುಂಪಿನಿಂದ
ತಲೆ ಕತ್ತರಿಸಿ ದೊಡ್ಡದು ಮಾಡಿಸುತ್ತಾಳೆ.
ಕತ್ತರಿಸುವ ಕೆಲಸ ನನ್ನದು."

ಹಳೆಯದಕ್ಕೆ ಹೊಟ್ಟೆಯೊಳಗೇ ಕನ್ನಡಿಯಿತ್ತು.
ಪ್ರತಿ ಸಲ ಅದು ಎದ್ದು ಬೀಳುವಾಗ ಕಟಾರ್ ಎನ್ನುತ್ತಿತ್ತು.
ಮೂವತ್ತು ವರ್ಷ ನನ್ನ ಕತ್ತು ಬಗ್ಗಿಸಿದ ಭಾರ
ಮಾರಿ ಇದನ್ನು ಕೊಂಡೆ:
ಅತ್ತ ಅಗ್ಗವಲ್ಲ, ಇತ್ತ ಮಹಾರಾಜನಲ್ಲ,
ಸಂಸಾರಸ್ಥರ ಕ್ಯಾಮೆರಾ.
ಊಟದ ಡಬ್ಬಿಗಿಂತ ಹಗುರ, ಕೋಟಿನ ಜೇಬಲ್ಲಿ ಮಲಗುತ್ತದೆ.
ಕಿರುಬೆರಳಿಗೆ ಮಾತ್ರ ಅದರ ಮೈಮೇಲೆ ಜಾಗವಿಲ್ಲ.
ಬಾಡಿಗೆ ಮನೆಗೆ ಬಂದ ಭಾವನಂತೆ ಹೊರಗೇ ನೇತಾಡುತ್ತದೆ.

ಚಳಿಗೆ ಬ್ಯಾಟರಿ ಬೆಣ್ಣೆಯಲ್ಲ, ಬೆವರು.
ಇನ್ನೊಂದನ್ನು ಕಂಕುಳಲ್ಲಿ ಕಾವು ಕೊಟ್ಟು ಇಟ್ಟಿದ್ದೇನೆ.
ಕಾರ್ಡು ಒಂದೇ.
ಒಂದೇ ಮಗುವಿನ ತಾಯಿಯಂತೆ
ಮನೆ ಮುಟ್ಟುವವರೆಗೆ ಜೀವ ಕೈಯಲ್ಲಿ.
ಕಿಂಡಿಗೆ ಕಣ್ಣಿಟ್ಟರೆ ಕಾಣುವುದು ಲೋಕವಲ್ಲ,
ಲೋಕದ ಪುಟ್ಟ ಟೀವಿ.
ಸಂಜೆಯಾದರೆ ಅದರಲ್ಲಿ ರವೆ ಉದುರುತ್ತದೆ.

ಆದರೆ ಸದ್ದಿಲ್ಲ!
ತೂಕಡಿಸುವವನ ನೊರೆಯೂ ಅಲುಗಲಿಲ್ಲ.
ಪರದೆ ಮಡಚಿ ಹೊಟ್ಟೆಯ ಬಳಿ ಹಿಡಿದರೆ
ಅವಳು ನೋಡುವುದು ನನ್ನನ್ನು, ಕರಿ ಡಬ್ಬಿಯನ್ನಲ್ಲ.
ಹತ್ತು ತೆಗೆದೆ, ಹಿಗ್ಗಿದೆ.
ನೋಡಿದರೆ ಹತ್ತರಲ್ಲೂ ಅವಳ ಮುಖದ ಮೇಲೆ ಪಟ್ಟೆ ಪಟ್ಟೆ.
ಟ್ಯೂಬ್‌ಲೈಟಿಗೂ ಮೂಕ ಶಟರಿಗೂ ಆಗಿಬರುವುದಿಲ್ಲ.
"ಬಾಗಿಲ ಹೊರಗಿನ ನನ್ನ ಕಂಬ ಒಳಗೆ ಬಂತಲ್ಲೋ" ಎಂದಳು.
ದೀಪ ಆರಿಸಿದೆವು.
ಕಿಟಕಿಯಿಂದ ಹಿಮದ ಬೆಳಕು ಸಾಕಾಯಿತು.

ಇದಕ್ಕೆ ಕಣ್ಣು ಹುಡುಕುವ ಹುಚ್ಚು.
ಕಣ್ಣು ಕಂಡಲ್ಲಿ ಹಸಿರು ಚೌಕ ಇಡುತ್ತದೆ.
ಮೂರು ಕನ್ನಡಿಯಲ್ಲಿ ಮೂರು ತೋಮಿ,
ಚೌಕ ಕುಪ್ಪಳಿಸಿತು, ತಡಬಡಿಸಿತು,
ಕೊನೆಗೆ ಎಲ್ಲರನ್ನೂ ಬಿಟ್ಟು
ಗಲ್ಲಾ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕೂತುಬಿಟ್ಟಿತು.
ಗೆನ್‌ಪೇ, ಅವಳ ಗಂಡ, ಸತ್ತು ಹತ್ತೊಂಬತ್ತು ವರ್ಷ.
ಬೆರಳಲ್ಲಿ ಎಳೆದು ಅವಳ ಮೇಲಿಟ್ಟೆ, ಓಡಿ ಹೋಯಿತು.
ಮತ್ತೆ ಎಳೆದೆ.
"ಬಿಡು. ಯಾವ ಫೋಟೋದಲ್ಲೂ
ಅವನೇ ಮುಂದೆ ನಿಲ್ಲುತ್ತಿದ್ದ."

ಎದ್ದಳು. ಡಬ್ಬಿಯಿಂದ ಬಿಸಿ ಟವೆಲ್ ತೆಗೆದಳು,
ಹಿಂಡಿದಳು, ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿದಳು.
ಗಾಜಿನ ಮೇಲೆ ಅವನ ಮುಖಕ್ಕೆ ಹೊದಿಸಿದಳು,
ಗಡ್ಡ ಮೆದುವಾಗಲೆಂದು ಎಲ್ಲರಿಗೂ ಹೊದಿಸುವ ಹಾಗೆಯೇ.
"ಕಣ್ಣು ಮುಚ್ಚಿಕೋ. ಒಂದೇ ನಿಮಿಷ."
ಆವಿ ಏರಿತು.
ನಾನು ಗುರಿಯಿಡಲಿಲ್ಲ, ಬೆರಳು ಒತ್ತಿತಷ್ಟೆ.

ಆಮೇಲೆ ಕೂರಿಸಿ ನಲವತ್ತು ತೆಗೆದೆ, ಚೊಕ್ಕಟವಾಗಿ.
ಅವಳು ಒಂದನ್ನೂ ಮೆಚ್ಚಲಿಲ್ಲ. ಅದನ್ನೇ ಆರಿಸಿದಳು:
ಬೆನ್ನು ನಮ್ಮ ಕಡೆ, ಕೈ ಟವೆಲಿನ ಮೇಲೆ,
ಮುಖ ಮಾತ್ರ ನಡುಗನ್ನಡಿಯಲ್ಲಿ.
ಅಷ್ಟು ಆವಿಯ ನಡುವೆ ಅದು ಹೇಗೆ
ಅವಳ ಎಡಗಣ್ಣನ್ನು ಹಿಡಿಯಿತೋ ತಿಳಿಯದು.
ಎಡ ಬಲ ತಿರುಗಿದೆ ಎಂದೆ, ಸರಿಮಾಡಿ ಕೊಡುವೆ ಎಂದೆ.
"ಬೇಡ. ಅರವತ್ತು ವರ್ಷದಿಂದ
ನಾನು ನನ್ನನ್ನು ನೋಡಿರುವುದು ಹೀಗೆಯೇ."

ಹಣದ ಬದಲು ನನ್ನ ಕೂದಲು ಕತ್ತರಿಸಿದಳು.
ಹೊರಗೆ ಬಂದು, ತಿರುಗುವ ಕಂಬದ್ದೊಂದಿರಲಿ ಎಂದು ಎತ್ತಿದೆ.
ಬ್ಯಾಟರಿ ಸತ್ತಿತ್ತು. ಕಂಕುಳಿನದ್ದೂ.
ಕತ್ತಿನ ಹಿಂದೆ, ಈಗಷ್ಟೇ ಬೋಳಾದಲ್ಲಿ,
ಚಳಿ.